ಕರಾವಳಿಯ ಅರಸರು ಪರಂಗಿಗಳಿಗೆ ಅಕ್ಕಿ ಯಾಕೆ ಕೊಟ್ಟರು?

1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ನಮ್ಮ ಕಡಲಿಗೆ ಬಂದ. ಈ ಸಲ ದಾರಿ ಹುಡುಕಿಕೊಂಡು ಬಂದದ್ದಲ್ಲ, ತೋಪುಗಳನ್ನು ಹೇರಿಕೊಂಡು ಬಂದದ್ದು. ಭಟ್ಕಳದ ಮುಂದೆ ಹಡಗು ನಿಲ್ಲಿಸಿ ಅಲ್ಲಿನ ಅರಸನಿಗೆ ಷರತ್ತು ಹಾಕಿದ. ತುರ್ಕಿ ವ್ಯಾಪಾರಿಗಳನ್ನು ಬಂದರಿಗೆ ಬಿಡಬಾರದು. ಕಲ್ಲಿಕೋಟೆಯ ಜೊತೆ ವ್ಯವಹಾರ ಮಾಡಬಾರದು. ಮೆಣಸಿನ ವ್ಯಾಪಾರ ಕೂಡದು. ಇದರ ಮೇಲೆ ಕಪ್ಪ ಬೇರೆ. ಆ ಶತಮಾನದ ಪೋರ್ಚುಗೀಸ್ ಬರಹಗಾರ ಗಾಸ್ಪರ್ ಕೊರಿಯಾ ಕಪ್ಪದ ಲೆಕ್ಕವನ್ನೂ ಕೊಡುತ್ತಾನೆ: ವರ್ಷಕ್ಕೆ ಹಡಗಿನ ಆಳುಗಳಿಗೆಂದು 1000 ಹೊರೆ ಸಾಧಾರಣ ಅಕ್ಕಿ, ಕಪ್ತಾನರಿಗೆಂದು 500 ಹೊರೆ ಒಳ್ಳೆ ಅಕ್ಕಿ.

ಚಿನ್ನ ಅಲ್ಲ, ಅಕ್ಕಿ. ಅದರಲ್ಲೂ ಆಳಿಗೊಂದು ನಮೂನೆ, ಯಜಮಾನನಿಗೊಂದು ನಮೂನೆ. ಮುಂದಿನ 150 ವರ್ಷ ಕರಾವಳಿಯ ಅರಸರಿಗೂ ಪರಂಗಿಗಳಿಗೂ, ಅಂದರೆ ಪೋರ್ಚುಗೀಸರಿಗೂ, ನಡೆದ ಜಗಳ, ರಾಜಿ, ಮೋಸ, ಸ್ನೇಹ ಎಲ್ಲದರಲ್ಲೂ ಈ ಅಕ್ಕಿ ಇದೆ. ಶಾಲೆಯಲ್ಲಿ ನಾವು ಓದಿದ್ದು ಒಂದೇ ಸಾಲು: ಪರಂಗಿಗಳು ಬಂದರು, ರಾಣಿ ಅಬ್ಬಕ್ಕ ಎದುರಿಸಿದಳು. ಅದು ಸುಳ್ಳಲ್ಲ. ಆದರೆ ಆಗ ಕರಾವಳಿಯಲ್ಲಿ ಇದ್ದದ್ದು ಎರಡು ಪಕ್ಷ ಅಲ್ಲ. ಕನಿಷ್ಠ ಮೂರು. ಈ ಮೂರನೆಯವರನ್ನು, ಘಟ್ಟದ ಮೇಲಿನ ಕೆಳದಿ ನಾಯಕರನ್ನು, ಬಿಟ್ಟು ಕಥೆ ಹೇಳಿದರೆ ಯಾರು ಯಾಕೆ ಏನು ಮಾಡಿದರು ಅನ್ನುವುದೇ ಅರ್ಥ ಆಗುವುದಿಲ್ಲ.

ಯಾರು ಈ ಅರಸರು?

ಘಟ್ಟಕ್ಕೂ ಕಡಲಿಗೂ ನಡುವಿನ ಪಟ್ಟಿ ತುಂಬಾ ಕಿರಿದು. ಅದನ್ನು ಅಡ್ಡಕ್ಕೆ ಸೀಳಿಕೊಂಡು ಹೊಳೆಗಳು ಹರಿಯುತ್ತವೆ. ಉತ್ತರದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ದಕ್ಷಿಣಕ್ಕೆ ಬಂದರೆ ಗುರುಪುರ ಹೊಳೆ, ನೇತ್ರಾವತಿ. ಒಬ್ಬ ಅರಸನ ಸೀಮೆ ಅಂದರೆ ಹೆಚ್ಚುಕಡಿಮೆ ಒಂದು ಹೊಳೆಯ ಬಯಲು. ಘಟ್ಟದ ಬುಡದಲ್ಲೊಂದು ನೆಲೆ, ನಡುವೆ ಗದ್ದೆ ಬಯಲು, ಕೆಳಗೆ ಅಳಿವೆಯಲ್ಲೊಂದು ಬಂದರು. ಘಟ್ಟದಿಂದ ಇಳಿದ ಮೆಣಸು, ಬಯಲಲ್ಲಿ ಬೆಳೆದ ಅಕ್ಕಿ, ಅಳಿವೆಯಲ್ಲಿ ಸಿಗುವ ಸುಂಕ, ಇಷ್ಟೇ ಆದಾಯ.

ಬಂಗರನ್ನೇ ನೋಡಿ. ಅವರ ಮೂಲ ನೆಲೆ ಘಟ್ಟದ ಬುಡದ ಬಂಗಾಡಿ, ಆಮೇಲೆ ನೇತ್ರಾವತಿ ದಂಡೆಯ ನಂದಾವರ, ಕೊನೆಗೆ ಮಂಗಳೂರು. ಹೊಳೆ ಹರಿದಂತೆ ಅರಮನೆಯೂ ಇಳಿದಿದೆ. ಹೊಳೆಯ ಆಚೆ ದಂಡೆಯ ಉಳ್ಳಾಲ ಚೌಟರದು. ಅವರಿಗೆ ಒಳನಾಡಿನಲ್ಲಿ ಪುತ್ತಿಗೆ, ಮೂಡುಬಿದಿರೆಯೂ ಇತ್ತು. ವೇಣೂರಿನಲ್ಲಿ ಅಜಿಲರು, ಮೂಲ್ಕಿಯಲ್ಲಿ ಸಾವಂತರು, ವಿಟ್ಲದಲ್ಲಿ ಹೆಗ್ಗಡೆಗಳು. ಭೈರರಸರು ಘಟ್ಟದ ಮೇಲಿನ ಕಳಸ, ಕೆಳಗಿನ ಕಾರ್ಕಳ ಎರಡನ್ನೂ ಇಟ್ಟುಕೊಂಡಿದ್ದರು. ಉತ್ತರಕ್ಕೆ ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಸಾಳುವರು. ಇವರಲ್ಲಿ ಹೆಚ್ಚಿನವರು ಜೈನರು. ಹಾಗಂತ ಊರಿನ ಶಿವ ದೇವಸ್ಥಾನವನ್ನೋ ದೈವದ ನೇಮವನ್ನೋ ಬಿಟ್ಟವರಲ್ಲ. ಉಳ್ಳಾಲದ ಚೌಟರಿಗೆ ಸೋಮನಾಥನೇ ದೊಡ್ಡ ದೇವರು.

ಇವರ ಕೆಳಗೆ ಮಾಗಣೆಗಳು ಅಂದರೆ ಊರುಗಳ ಗುಂಪುಗಳು, ಗುತ್ತಿನ ಮನೆಗಳು ಅಂದರೆ ಊರಿನ ಮುಖ್ಯ ಮನೆತನಗಳು. ಇವರ ಮೇಲೆ ವಿಜಯನಗರ. ಬಾರ್ಕೂರಿನಲ್ಲೊಬ್ಬ, ಮಂಗಳೂರಿನಲ್ಲೊಬ್ಬ ಒಡೆಯನನ್ನು ಹಂಪಿಯಿಂದ ನೇಮಿಸುತ್ತಿದ್ದರು. ಅರಸರು ಕಪ್ಪ ಕಟ್ಟಿ ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಅಂದರೆ ಯಾರಿಗಾದರೂ ಕಪ್ಪ ಕೊಡುವುದು ಇವರಿಗೆ ಹೊಸದೇನೂ ಅಲ್ಲ, ಅವಮಾನವೂ ಅಲ್ಲ. ಕಪ್ಪ ಕೊಟ್ಟರೆ ರಕ್ಷಣೆ ಸಿಗಬೇಕು ಅನ್ನುವುದಷ್ಟೇ ಲೆಕ್ಕ. ಭಟ್ಕಳದ ಅರಸ ಗಾಮನಿಗೆ ಅಕ್ಕಿ ಒಪ್ಪಿಕೊಂಡದ್ದನ್ನು ಈ ಕಣ್ಣಲ್ಲಿ ನೋಡಬೇಕು. ಅವನ ಪಾಲಿಗೆ ಅದು ಗುಲಾಮಗಿರಿ ಅಲ್ಲ. ಇನ್ನೊಬ್ಬ ಕಾಟದವನ ಬಾಯಿ ಮುಚ್ಚಿಸುವ ಖರ್ಚು.

ಇನ್ನೊಂದು ವಿಷಯ ಅಳಿಯಸಂತಾನ. ಗದ್ದುಗೆ ಅಪ್ಪನಿಂದ ಮಗನಿಗೆ ಹೋಗುವುದಿಲ್ಲ, ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಗಂಡು ಇಲ್ಲದಿದ್ದರೆ ಹೆಣ್ಣು ಕೂರುತ್ತಾಳೆ. ರಾಣಿ ಅಂದರೆ ಇಲ್ಲಿ ರಾಜನ ಹೆಂಡತಿ ಅಲ್ಲ, ತಾನೇ ಒಡತಿ. ಮದುವೆಯಾದರೂ ಅವಳ ಸೀಮೆ ಅವಳದೇ, ಗಂಡನ ಸೀಮೆ ಅವನದೇ. ಮುಂದೆ ಬರುವ ಉಳ್ಳಾಲದ ಜಗಳಕ್ಕೆ ಇದೇ ಕೀಲಿ.

ಅಕ್ಕಿಯ ಲೆಕ್ಕ

1516ರ ಹೊತ್ತಿಗೆ ಬರೆದ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ನಮ್ಮ ಬಂದರುಗಳನ್ನು ಒಂದೊಂದಾಗಿ ಹೇಳುತ್ತಾ ಬರುತ್ತಾನೆ. ಭಟ್ಕಳ, ಬಸರೂರು, ಬಾರ್ಕೂರು, ಮಂಗಳೂರು. ಎಲ್ಲ ಕಡೆ ಅವನ ಕಣ್ಣು ಹೋಗುವುದು ಅಕ್ಕಿ ಮೇಲೆ. ಎಷ್ಟು ಬಗೆಯ ಅಕ್ಕಿ, ಯಾವುದಕ್ಕೆ ಜಾಸ್ತಿ ಬೆಲೆ, ಯಾವ ಹಡಗಲ್ಲಿ ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಬರೆದಿದ್ದಾನೆ. ಹುಲ್ಲಿನಲ್ಲಿ ಸುತ್ತಿದ ಗುಂಡನೆ ಮೂಟೆಗಳ ವಿಷಯವನ್ನೂ ಬಿಟ್ಟಿಲ್ಲ. ಓದುವಾಗ ನಗು ಬರುತ್ತದೆ, ಯಾಕೆಂದರೆ ಅದು ನಮ್ಮ ಅಕ್ಕಿ ಮುಡಿಯೇ. ಬೈಹುಲ್ಲು ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತಿ ಬಿಗಿದು, ಕೋಲಿನಿಂದ ಬಡಿದು ಬಡಿದು ಗುಂಡಗೆ ಮಾಡುತ್ತಾರಲ್ಲ, ಅದೇ. ಹಳೆ ಅಳತೆಯಲ್ಲಿ ಮೂರು ಕಳಸಿಗೆಗೆ ಒಂದು ಮುಡಿ. ಉಪ್ಪರಿಗೆಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಪಡಾವಿಗೆ ಹೇರುವುದಕ್ಕೂ ಸಲೀಸು.

ಈ ಮುಡಿಗಳು ಹೋಗುತ್ತಿದ್ದದ್ದು ಎಲ್ಲಿಗೆ? ಮುಖ್ಯವಾಗಿ ಮಲಬಾರಿಗೆ. ಅಲ್ಲಿ ಮೆಣಸು ಧಾರಾಳ, ಅಕ್ಕಿ ಸಾಲದು. ಕಲ್ಲಿಕೋಟೆಯ ಸಾಮೂದಿರಿಯ ಊರಿಗೆ ಅನ್ನ ಹೋಗುತ್ತಿದ್ದದ್ದು ನಮ್ಮ ಕರಾವಳಿಯಿಂದ, ಹೆಚ್ಚಾಗಿ ಮಾಪಿಳ್ಳೆ ವ್ಯಾಪಾರಿಗಳ ಹಡಗಿನಲ್ಲಿ. ಪರಂಗಿಗಳಿಗೆ ಕಲ್ಲಿಕೋಟೆ ಬದ್ಧ ವೈರಿ. ಅಲ್ಲಿಗೆ ಅಕ್ಕಿ ನಿಲ್ಲಿಸಿದರೆ ವೈರಿಯ ಹೊಟ್ಟೆಗೆ ಹೊಡೆದಂತೆ. ಆದರೆ ಅವರಿಗೇ ಅಕ್ಕಿ ಬೇಕಲ್ಲ! 1510ರಲ್ಲಿ ಗೋವೆ ಹಿಡಿದ ಮೇಲೆ ಅಲ್ಲಿನ ಸಿಪಾಯಿಗಳಿಗೆ, ನಾವಿಕರಿಗೆ, ಪಾದ್ರಿಗಳಿಗೆ ಊಟ ಹಾಕಬೇಕು. ಹೊರ್ಮುಜ್, ಮಸ್ಕತ್ತಿನಂಥ ಒಣ ನೆಲದ ಕೋಟೆಗಳಿಗೂ ಕಳಿಸಬೇಕು. ಎಲ್ಲದಕ್ಕೂ ನೋಡುವುದು ಇದೇ ಗದ್ದೆಗಳ ಕಡೆ.

ಹಾಗಾಗಿ ಅರಸರ ಕೈಯಲ್ಲಿ ಒಂದು ಒಳ್ಳೆ ಹಿಡಿತ ಇತ್ತು. ಕಡಲಿನಲ್ಲಿ ಅವರಿಗೆ ಬಲ ಇಲ್ಲ, ಬಂದರನ್ನು ತೋಪಿನಿಂದ ಸುಟ್ಟುಹಾಕಿದರೆ ತಡೆಯುವ ತಾಕತ್ತಿಲ್ಲ. ಆದರೆ ಬಂದರು ಸುಟ್ಟರೆ ಪರಂಗಿಗಳಿಗೇ ಅಕ್ಕಿ ಇಲ್ಲ. ಈ ಎರಡರ ನಡುವೆ ಆಟ ನಡೆಯುತ್ತಿತ್ತು. ಒಂದು ವರ್ಷ ಕಪ್ಪ ಪೂರ್ತಿ ಬರುತ್ತದೆ. ಮರುವರ್ಷ ಬೆಳೆ ಹೋಯಿತು ಅನ್ನುತ್ತಾರೆ. ಹಗಲು ಗೋವೆಗೆ ಅಕ್ಕಿ, ರಾತ್ರಿ ಕಲ್ಲಿಕೋಟೆಗೆ ಅಕ್ಕಿ. ಪರಂಗಿ ಕಾಗದಪತ್ರಗಳಲ್ಲಿ ಇದರ ಬಗ್ಗೆ ಗೊಣಗಾಟ ಮುಗಿಯುವುದೇ ಇಲ್ಲ.

ಅವರ ಇನ್ನೊಂದು ಆಯುಧ ಕಾಗದದ್ದು. ಕಾರ್ತಾಜ್ ಅಂತ ಒಂದು ರಹದಾರಿ ಚೀಟಿ. ಹಡಗಿನ ಯಜಮಾನ ಯಾರು, ಸರಕೇನು, ಎಲ್ಲಿಂದ ಎಲ್ಲಿಗೆ, ಆಯುಧ ಎಷ್ಟು ಎಲ್ಲ ಬರೆದಿರಬೇಕು. ಚೀಟಿಯ ಬೆಲೆ ದೊಡ್ಡದಲ್ಲ. ಆದರೆ ಚೀಟಿ ಪಡೆದವರು ಪರಂಗಿ ಬಂದರಿಗೆ ಬಂದು ಸುಂಕ ಕಟ್ಟಬೇಕು, ಮೆಣಸು ಸಾಗಿಸಬಾರದು. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಹಡಗೂ ಹೋಯಿತು, ಸರಕೂ ಹೋಯಿತು. ನೂರಾರು ವರ್ಷ ಯಾರನ್ನೂ ಕೇಳದೆ ಓಡಾಡಿದ್ದ ಕಡಲಿನಲ್ಲಿ ಇದ್ದಕ್ಕಿದ್ದಂತೆ ಅಪ್ಪಣೆ ಕೇಳಬೇಕಾಯಿತು. ಸಿಟ್ಟು ಬರದೇ ಇರುತ್ತದಾ?

ಹಾಗಂತ ಎಲ್ಲರೂ ಸಿಟ್ಟಾಗಿ ಕೂತವರಲ್ಲ. ಹೊನ್ನಾವರದ ತಿಮ್ಮಯ್ಯ, ಪರಂಗಿ ಬರಹಗಳ ತಿಮೋಜ, ಹಡಗು ಪಡೆಯ ನಾಯಕ. ದೋಚುವ ಕೆಲಸವನ್ನೂ ಮಾಡುತ್ತಿದ್ದ. 1505ರಲ್ಲಿ ಪರಂಗಿಗಳು ಹೊನ್ನಾವರಕ್ಕೆ ಬೆಂಕಿ ಇಟ್ಟಿದ್ದರು. ಐದೇ ವರ್ಷದಲ್ಲಿ ಇದೇ ತಿಮ್ಮಯ್ಯ ಪರಂಗಿಗಳ ನಾಯಕ ಆಲ್ಬುಕರ್ಕನ ಕಿವಿಯೂದಿ ಅವನನ್ನು ಗೋವೆಯ ಮೇಲೆ ಹೋಗುವಂತೆ ಮಾಡಿದ. ದ್ರೋಹಿ ಅನ್ನಬಹುದು, ಸುಲಭ. ಆದರೆ ಗೋವೆ ಆಗ ಬಿಜಾಪುರದ ಕೈಯಲ್ಲಿತ್ತು. ಅವನ ಕಣ್ಣಿಗೆ ದೊಡ್ಡ ವೈರಿ ಅದು, ಪರಂಗಿ ಅಲ್ಲ. ‘ನಾವು’ ಮತ್ತು ‘ಅವರು’ ಅನ್ನುವ ಗೆರೆ ಆಗ ಇವತ್ತಿನ ಜಾಗದಲ್ಲಿ ಇರಲಿಲ್ಲ.

ಮೇಲಿನ ಚಾವಣಿ ಹಾರಿಹೋದ ಮೇಲೆ

1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧ. ಹಂಪಿ ಹಾಳಾಯಿತು. ಕರಾವಳಿಯ ಅರಸರಿಗೆ ಇದು ಎರಡೂ ಕಡೆ ಹರಿತದ ಸುದ್ದಿ. ಮೇಲಿನ ಒಡೆಯ ಹೋದ, ಕಪ್ಪ ಉಳಿಯಿತು. ಆದರೆ ಕಷ್ಟ ಬಂದರೆ ಕೇಳುವವನೂ ಹೋದ.

ಪರಂಗಿಗಳು ಕಾಯಲಿಲ್ಲ. 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. 1569ರಲ್ಲಿ ಹೊನ್ನಾವರ, ಬಸರೂರು. ಬಸರೂರಿನ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಊರು ನಡೆಸುತ್ತಿದ್ದವರು ವ್ಯಾಪಾರಿಗಳೇ, ಅರಸನಿಗೆ ಕೊಡಬೇಕಾದ್ದನ್ನು ಕೊಟ್ಟು ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತಿದ್ದರು. ಪರಂಗಿ ಕೋಟೆ ಎದ್ದದ್ದು ಊರಿನ ಕೆಳಗೆ, ಅಳಿವೆ ಕಡೆ. ಮೇಲಿನ ಊರು ತನ್ನ ವ್ಯಾಪಾರ ತಾನು ಮಾಡಿಕೊಂಡೇ ಇತ್ತು.

ಕೋಟೆ ಅಂದ ಕೂಡಲೇ ಇಡೀ ನಾಡು ಅವರ ಕೈಗೆ ಹೋಯಿತು ಅಂದುಕೊಳ್ಳಬಾರದು. ತೋಪಿನ ಗುಂಡು ಎಷ್ಟು ದೂರ ಹೋಗುತ್ತದೋ ಅಷ್ಟೇ ಅವರ ರಾಜ್ಯ. 1604ರಲ್ಲಿ, ಅಂದರೆ ಮಂಗಳೂರಿನಲ್ಲಿ ಪರಂಗಿ ಬಾವುಟ ಹಾರುತ್ತಿದ್ದ ಕಾಲದಲ್ಲೇ, ವೇಣೂರಿನಲ್ಲಿ ತಿಮ್ಮಣ್ಣ ಅಜಿಲ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಅಂಥ ಕೆಲಸಕ್ಕೆ ಹಣ ಬೇಕು, ಜನ ಬೇಕು, ಬಿಡುವು ಬೇಕು. ಒಳನಾಡಿನಲ್ಲಿ ಮೂರೂ ಇತ್ತು.

ಉಳ್ಳಾಲದ ರಾಣಿ, ಹೊಳೆಯಾಚೆಯ ಗಂಡ

ಈಗ ಅಬ್ಬಕ್ಕನ ವಿಷಯ. ಅವಳ ಹೆಸರಿನ ಕೋಸ್ಟ್ ಗಾರ್ಡ್ ಹಡಗು 2012ರಿಂದ ಕಡಲಲ್ಲಿದೆ. ಕಥೆ ಎಲ್ಲರಿಗೂ ಗೊತ್ತು. ತೊಡಕಿರುವುದು ಇಸವಿಗಳಲ್ಲಿ. ಉಳ್ಳಾಲದ ರಾಣಿ ಕಪ್ಪ ಕೊಡಲಿಲ್ಲವೆಂದು 1550ರ ದಶಕದಲ್ಲೇ ಪರಂಗಿ ಪಡೆ ಬಂದಿತ್ತು. 1623ರಲ್ಲೂ ಉಳ್ಳಾಲದಲ್ಲಿ ಒಬ್ಬ ಅಬ್ಬಕ್ಕದೇವಿ ಆಳುತ್ತಿದ್ದಳು, ಅವಳನ್ನು ಕಣ್ಣಾರೆ ಕಂಡವನ ಬರಹ ನಮ್ಮ ಕೈಯಲ್ಲಿದೆ. ಅವನ ಪ್ರಕಾರ ಅವಳಿಗೆ ಆಗ ಸುಮಾರು 40 ವರ್ಷ. ಎರಡೂ ಒಬ್ಬಳೇ ಆಗಲು ಸಾಧ್ಯವಿಲ್ಲ, ಅಲ್ವಾ? ಅಳಿಯಸಂತಾನದ ಮನೆಗಳಲ್ಲಿ ಹೆಸರು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುವುದು ಮಾಮೂಲು. ಒಂದಕ್ಕಿಂತ ಹೆಚ್ಚು ಅಬ್ಬಕ್ಕರ ಕಥೆಗಳು ಜನರ ಬಾಯಲ್ಲಿ ಒಬ್ಬಳ ಕಥೆಯಾಗಿವೆ ಅಂದುಕೊಂಡರೆ ಎಲ್ಲ ಸರಿಹೊಂದುತ್ತದೆ.

ಆ ಕಂಡವನು ಪಿಯೆತ್ರೋ ದೆಲ್ಲ ವಾಲ್ಲೆ, ಇಟಲಿಯ ಪ್ರವಾಸಿ. ವ್ಯಾಪಾರಿಯೂ ಅಲ್ಲ, ಪಾದ್ರಿಯೂ ಅಲ್ಲ. ಸುಮ್ನೆ ಊರು ನೋಡಲು ಹೊರಟ ಕುತೂಹಲದ ಮನುಷ್ಯ. 1623ರಲ್ಲಿ ಪರಂಗಿ ರಾಯಭಾರಿಯ ಜೊತೆ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಗೆ ಹೋಗಿ, ಅಲ್ಲಿಂದ ಘಟ್ಟ ಇಳಿದು ಮಂಗಳೂರಿಗೆ ಬಂದ. ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಅವಳಿದ್ದ ಊರಿಗೇ ಹೋದ. ಅರಮನೆಯಲ್ಲಿ ಸಿಂಹಾಸನದ ಮೇಲೆ ಕಾಣುತ್ತಾಳೆ ಅಂದುಕೊಂಡಿದ್ದನೋ ಏನೋ. ಸಿಕ್ಕಿದ್ದು ಬೀದಿಯಲ್ಲಿ. ನೀರಾವರಿಗೆ ತೋಡುತ್ತಿದ್ದ ಕಾಲುವೆಯ ಕೆಲಸ ನೋಡಲು ನಡೆದುಕೊಂಡು ಓಡಾಡುತ್ತಿದ್ದಳು. ಬರಿಗಾಲು. ಸೊಂಟಕ್ಕೆ ಒಂದು ದಪ್ಪನೆ ಬಿಳಿ ಹತ್ತಿ ಬಟ್ಟೆ, ತಲೆಗೆ ಕಟ್ಟಿ ಎದೆ ಮೇಲೆ ಇಳಿಬಿಟ್ಟ ಇನ್ನೊಂದು ಬಟ್ಟೆ. ಸುತ್ತ ಹೆಂಗಸರಿಲ್ಲ, ಆಯುಧ ಹಿಡಿದ ಗಂಡಾಳುಗಳು. ತಲೆ ಮೇಲೆ ತಾಳೆಗರಿಯ ದೊಡ್ಡ ಛತ್ರಿ. ಕಪ್ಪು ಮೈ, ತುಂಬಿದ ದೇಹ.

ನೋಡಿದರೆ ಅಡುಗೆ ಕೆಲಸದವಳ ಹಾಗಿದ್ದಾಳೆ ಎಂದು ಅವನು ಬರೆದುಬಿಟ್ಟ. ಯೂರೋಪಿನವನ ಕಣ್ಣು ಅದು. ಆದರೆ ಮಾತಿಗೆ ನಿಂತ ಮೇಲೆ ಅವನ ಅಭಿಪ್ರಾಯ ಬದಲಾಯಿತು. ತೂಕದ ಮಾತು, ಬುದ್ಧಿವಂತೆ ಎಂದು ಮೆಚ್ಚಿಕೊಂಡ. ಎಲ್ಲೆಲ್ಲೋ ದೊಡ್ಡ ದೊಡ್ಡ ಆಸ್ಥಾನ ನೋಡಿ ಬಂದವನು ಈ ಕಾಡಿಗೆ ಯಾಕೆ ಬಂದೆ ಅನ್ನುವ ಧಾಟಿಯಲ್ಲಿ ಅವಳು ವಿಚಾರಿಸಿದಳು. ಡಿಸೆಂಬರ್ ಅಂದರೆ ಗದ್ದೆಗೆ ನೀರು ತಿರುಗಿಸುವ ಹೊತ್ತು. ಅಕ್ಕಿಯೇ ಬೊಕ್ಕಸ ಆಗಿರುವ ಸೀಮೆಯಲ್ಲಿ ಒಡತಿ ಕಾಲುವೆ ಬದಿ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು?

ಅವಳ ದಾಂಪತ್ಯದ ಕಥೆಯನ್ನೂ ಅವನು ಕೇಳಿ ಬರೆದಿದ್ದಾನೆ. ಗಂಡ ಹೊಳೆಯಾಚೆಯ ಬಂಗರಸ. ಇಬ್ಬರೂ ತಮ್ಮ ತಮ್ಮ ಸೀಮೆಯಲ್ಲೇ ಇರುತ್ತಿದ್ದರು, ಗಡಿಯ ಹೊಳೆಯ ಕಡೆ ಬಂದು ಭೇಟಿಯಾಗುತ್ತಿದ್ದರಂತೆ. ಮನಸ್ತಾಪ ಬಂತು. ಅವನು ಕೊಟ್ಟಿದ್ದ ಒಡವೆಗಳನ್ನೆಲ್ಲ ವಾಪಸ್ ಕಳಿಸಿ ಸಂಬಂಧ ಕಡಿದುಕೊಂಡಳು. ಅವನು ಸೇಡಿಗೆ ಹೊರಟ. ಒಂದು ದಿನ ಅವನು ದೋಣಿಯಲ್ಲಿ ಹೋಗುತ್ತಿದ್ದಾಗ ಇವಳ ಆಳುಗಳು ಹೊಳೆಯಲ್ಲೇ ಹಿಡಿದು ತಂದರು. ಬೇಡಿಕೊಂಡ, ಬಿಟ್ಟಳು. ಬಿಟ್ಟದ್ದೇ ತಡ, ಪರಂಗಿಗಳನ್ನು ಕರೆದ. ಅವಳೂ ಸುಮ್ಮನೆ ಕೂರಲಿಲ್ಲ. ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕನಿಗೆ ಹೇಳಿ ಕಳಿಸಿದಳು.

ಬೇರೆ ಕಡೆ ಆಗಿದ್ದರೆ ಇದು ಗಂಡಹೆಂಡಿರ ಜಗಳ. ಇಲ್ಲಿ ಗಂಡನದೂ ಹೆಂಡತಿಯದೂ ಬೇರೆ ಬೇರೆ ಸೀಮೆ ಆದ್ದರಿಂದ ಅದು ನೇತ್ರಾವತಿಯ ಅಳಿವೆ ಯಾರದು ಅನ್ನುವ ಯುದ್ಧವಾಯಿತು. ಪರಂಗಿಗಳು ಬಂಗನ ಪರ ನಿಂತದ್ದು ನ್ಯಾಯ ನೋಡಿ ಅಲ್ಲ. ಅವರ ಕೋಟೆ ಇದ್ದದ್ದು ಅವನ ದಂಡೆಯಲ್ಲಿ.

ಗೆದ್ದದ್ದು ವೆಂಕಟಪ್ಪ ನಾಯಕ. ಬಂಗರಸ ನೆಲ ಕಳೆದುಕೊಂಡು ಓಡಿದ, ಅವನಿಗೆ ನೆರವಿಗೆ ಬಂದ ಪರಂಗಿಗಳಿಗೂ ಏಟು ಬಿತ್ತು. ರಾಣಿ ಉಳಿದಳು, ಆದರೆ ಕೆಳದಿಯ ನೆರಳಿನಲ್ಲಿ. ದೆಲ್ಲ ವಾಲ್ಲೆ ಜೊತೆಗೆ ಹೋದ ಆ ರಾಯಭಾರಿಯ ಕೆಲಸಗಳಲ್ಲಿ ಬಂಗನ ನೆಲ ಕೊಡಿಸುವ ಮಾತೂ ಇತ್ತು, ಮೆಣಸಿನ ವ್ಯವಹಾರವೂ ಇತ್ತು. ಅಂದರೆ ಕರಾವಳಿಯ ತಕರಾರಿಗೆ ಪರಂಗಿಗಳೇ ಘಟ್ಟ ಹತ್ತಿ ಅರ್ಜಿ ಹಾಕುವ ಕಾಲ ಬಂದಿತ್ತು.

ಮೆಣಸಿನ ರಾಣಿಯ ಪಾಡು

ಉತ್ತರದಲ್ಲಿ ಇದೇ ಕಥೆ ಮೆಣಸಿನ ಸುತ್ತ ನಡೆಯಿತು. ಶರಾವತಿ ದಂಡೆಯ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ 16ನೇ ಶತಮಾನದ ದ್ವಿತೀಯಾರ್ಧದ ಉದ್ದಕ್ಕೂ ಆಳಿದಳು. ಪರಂಗಿಗಳು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಮಲಬಾರಿನಲ್ಲಿ ಬೇಕಾದಷ್ಟು ಮೆಣಸು ಸಿಗದಾದಾಗ ಅವರು ಕೆನರಾದ, ಅಂದರೆ ನಮ್ಮ ಕರಾವಳಿಯ, ಮೆಣಸಿಗೆ ಜಾಸ್ತಿ ಜೋತುಬಿದ್ದಿದ್ದರು. ಹೊನ್ನಾವರದ ಕೋಟೆ ಅವರ ಕೈಗೆ ಹೋದ ಮೇಲೂ ಮೆಣಸು ಇಳಿದು ಬರುವ ದಾರಿ ಇವಳ ಕೈಯಲ್ಲಿತ್ತು. ಕೋಟೆ ಹಿಡಿದವರೇ ಮೇಲಿನವಳ ಜೊತೆ ಮಾತಾಡಿಕೊಂಡು ಇರಬೇಕಾಯಿತು. ಒಮ್ಮೆ ಜಗಳ, ಒಮ್ಮೆ ಒಪ್ಪಂದ.

ಅವಳನ್ನು ಮುಗಿಸಿದ್ದೂ ಪರಂಗಿ ಅಲ್ಲ. 17ನೇ ಶತಮಾನದ ಮೊದಲ ವರ್ಷಗಳಲ್ಲಿ ಅದೇ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ನುಂಗಿದ. ಉಳ್ಳಾಲದ ರಾಣಿಗೆ ಆಪತ್ಬಾಂಧವ ಆದವನೇ ಇಲ್ಲಿ ಯಮ. 1623ರಲ್ಲಿ ದೆಲ್ಲ ವಾಲ್ಲೆ ಈ ದಾರಿಯಲ್ಲಿ ಹಾದು ಹೋದಾಗ ಗೇರುಸೊಪ್ಪೆ ಪಾಳುಬಿದ್ದಿತ್ತು. ಅರಮನೆ ಇದ್ದ ಜಾಗದಲ್ಲಿ ಮರ ಬೆಳೆದಿತ್ತು. ಇಪ್ಪತ್ತು ವರ್ಷದ ಒಳಗೆ! ನಮ್ಮ ಘಟ್ಟದ ಮಳೆ ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿನ ಚತುರ್ಮುಖ ಬಸದಿ ಇವತ್ತಿಗೂ ಕಾಡಿನ ನಡುವೆ ನಿಂತಿದೆ, ನಾಲ್ಕು ದಿಕ್ಕಿಗೂ ಬಾಗಿಲು.

ಈ ಮೂರನೇ ಪಕ್ಷದ ಬಲ ಎಲ್ಲಿತ್ತು? ಕೆಳದಿ ನಾಯಕರು ಕೂಡ ಮೊದಲು ವಿಜಯನಗರದ ಸಾಮಂತರೇ. ಆದರೆ ಅವರ ನೆಲೆ ಮಲೆನಾಡು, ಪರಂಗಿ ತೋಪಿಗೆ ಎಟುಕದ ಜಾಗ. ಘಟ್ಟದ ಮೇಲಿನ ಕುದುರೆ, ಕಾಲಾಳು ಕೆಳಗಿನ ಪುಟ್ಟ ಅರಸರಿಗಿಂತ ಎಷ್ಟೋ ಪಾಲು ಜಾಸ್ತಿ. ಅವರಿಗೆ ಬೇಕಾದದ್ದು ಕಡಲಿಗೆ ದಾರಿ. ಅದು ಈ ಅರಸರ ಸೀಮೆಯ ಮೂಲಕವೇ ಹೋಗಬೇಕು. ಕೆಳಗಿನವರೋ ಒಬ್ಬರ ಮೇಲೊಬ್ಬರು ದೂರು ಹೇಳಿಕೊಂಡು ಘಟ್ಟ ಹತ್ತುತ್ತಿದ್ದರು. ಪ್ರತಿ ಸಲ ನಾಯಕರು ಒಬ್ಬರ ಪರ ಇಳಿದು ಬಂದರು, ಇಬ್ಬರ ನೆಲದಲ್ಲೂ ಕಾಲೂರಿದರು.

ಒಂದು ಹಂತದವರೆಗೆ ಪರಂಗಿಗಳು ಕೆಳದಿಯ ಜೊತೆ ಮೆಣಸಿನ ಕೊಡುಕೊಳ್ಳುವಿಕೆಯಲ್ಲಿ ಹೊಂದಿಕೊಂಡಿದ್ದರು. ಶಿವಪ್ಪ ನಾಯಕ ಪಟ್ಟಕ್ಕೆ ಬಂದದ್ದು 1645ರಲ್ಲಿ. 1652ರಿಂದ 1654ರ ಒಳಗೆ ಮಂಗಳೂರು, ಬಸರೂರು, ಹೊನ್ನಾವರ ಮೂರೂ ಕಡೆಯಿಂದ ಪರಂಗಿಗಳನ್ನು ಹೊರಹಾಕಿದ. ಡಚ್ಚರು ಕಡಲಲ್ಲಿ ಅವರನ್ನು ಹಣ್ಣುಗಾಯಿ ಮಾಡುತ್ತಿದ್ದ ಕಾಲ ಅದು. ಗೋವೆಯಿಂದ ಸರಿಯಾದ ನೆರವು ಬರಲಿಲ್ಲ. ಇಲ್ಲಿಗೆ ಕೆನರಾದ ಪರಂಗಿ ಕೋಟೆಗಳ ಕಥೆ ಮುಗಿಯಿತು. ಅಕ್ಕಿಯ ಕಥೆ ಮುಗಿಯಲಿಲ್ಲ. ಗೋವೆಯವರಿಗೆ ಊಟ ಬೇಕಲ್ಲ, 1670ರ ದಶಕದಲ್ಲಿ ಅವರು ಮತ್ತೆ ಮಂಗಳೂರಿಗೆ ಬಂದರು. ಈ ಸಲ ಕಪ್ಪ ವಸೂಲಿಗೆ ಅಲ್ಲ, ಕೆಳದಿಯ ಅಪ್ಪಣೆ ಪಡೆದು ಕೋಠಿ ತೆರೆದು ವ್ಯಾಪಾರಕ್ಕೆ.

ಪುಟ್ಟ ಅರಸರು ಏನಾದರು? ಸಾಳುವರು ಅಳಿದರು, ಭೈರರಸರು ಅಳಿದರು. ಚೌಟರು, ಬಂಗರು, ಅಜಿಲರು ಬಗ್ಗಿ ಉಳಿದುಕೊಂಡರು. ಕೆಳದಿಗೆ ಕಪ್ಪ ಕಟ್ಟಿದರು, ಆಮೇಲೆ ಹೈದರಾಲಿಯ, ಟಿಪ್ಪುವಿನ ಕಾಲ ಕಂಡರು, 1799ರ ನಂತರ ಇಂಗ್ಲಿಷರದು. ಚೌಟರ ಅರಮನೆ ಮೂಡುಬಿದಿರೆಯಲ್ಲಿ ಈಗಲೂ ಇದೆ. ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ, ಐವರು ಸೇರಿ ಕುದುರೆಯಾದ ಮರದ ಕೆತ್ತನೆ ನೋಡಲು ಜನ ಹೋಗುತ್ತಾರೆ. ಬಂಗರ ಕೊನೆಯ ಸುದ್ದಿ ಅಷ್ಟು ಸಲೀಸಾದದ್ದಲ್ಲ. 1837ರಲ್ಲಿ ಕೊಡಗಿನ ಕಡೆಯಿಂದ, ಸುಳ್ಯದಿಂದ ಎದ್ದ ರೈತರ ದಂಗೆ ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟಿತು. ತೆರಿಗೆಯನ್ನು ಅಕ್ಕಿಯ ಬದಲು ನಗದಾಗಿ ಕಟ್ಟಬೇಕೆಂಬ ಕಂಪನಿಯ ಹಟ ಆ ಸಿಟ್ಟಿನ ಒಂದು ಕಾರಣ. ನಂದಾವರದ ಲಕ್ಷ್ಮಪ್ಪ ಬಂಗರಸ ದಂಗೆಯವರ ಜೊತೆ ನಿಂತ. ಇಂಗ್ಲಿಷರು ಅವನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.